ಕನ್ನಡಕ್ಕೆ ಬಂದ ಆಂಗ್ಲ ವಸಂತ

ನಮ್ಮ ವಸಂತ ಯುಗಾದಿಯೊಡನೆ ಬರುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಕಲಿತ ಅನೇಕರಿಗೆ ಬಾಯಿಪಾಠವಾಗಿರುವ ವಸಂತದ ಪದ್ಯ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಮೂಲ ಕವಿ ಥಾಮಸ್ ನ್ಯಾಶ್. ಅದನ್ನು ನಮಗೆ ತಂದುಕೊಟ್ಟವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂದಿತು.

ನ್ಯಾಶ್ ಈ ಹಾಡನ್ನು ಬರೆದದ್ದು 1592ರ ಸುಮಾರಿಗೆ ಆಡಿದ ಒಂದು ನಾಟಕಕ್ಕಾಗಿ. ಆಗ ಲಂಡನ್ನಿನಲ್ಲಿ ಪ್ಲೇಗು ಹರಡಿತ್ತು. ಅದೇ ನಾಟಕದಲ್ಲಿ ಸಾವಿನ ಮುಂದೆ ನಿಂತವನ ಮೊರೆಯೂ ಹಾಡಾಗಿ ಬರುತ್ತದೆ. ವಸಂತದ ಸಂಭ್ರಮಕ್ಕೆ ಇಂಥ ಹಿನ್ನೆಲೆಯಿತ್ತೆಂಬುದನ್ನು ಗಮನಿಸಬೇಕು.

ಭೂಗೋಳದ ಕಾರಣವೂ ಒಂದುಂಟು. ಲಂಡನ್ ಇರುವುದು ಸುಮಾರು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಡಿಸೆಂಬರಿನ ಹಗಲು 8 ಗಂಟೆಗಿಂತ ಕಡಿಮೆ, ಜೂನ್ ತಿಂಗಳಲ್ಲಿ 16 ಗಂಟೆಗಿಂತ ಹೆಚ್ಚು. ಮೈಸೂರಿನಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದ್ದರಿಂದ ಅಲ್ಲಿಯವರಿಗೆ ವಸಂತವೆಂದರೆ ಕಳೆದುಹೋದ ಬೆಳಕು ಮರಳಿ ಬಂದಂತೆ.

ಇದನ್ನು ಕನ್ನಡಕ್ಕೆ ತರುವುದು ಹೇಗೆ? ಮೂಲದಲ್ಲಿ ‘ಪಾಮ್’ ಎಂಬ ಮಾತಿದೆ. ಅದು ನಮ್ಮ ತಾಳೆಯಲ್ಲ. ವಿಲೋ ಗಿಡದ ಹೂಗೊಂಚಲಿಗೆ ಅಲ್ಲಿನ ಹಳ್ಳಿಗರು ಇಟ್ಟ ಹೆಸರು. ಪದಕ್ಕೆ ಪದ ಇಟ್ಟಿದ್ದರೆ ಇಂಗ್ಲೆಂಡಿನ ಹಳ್ಳಿಯಲ್ಲಿ ತಾಳೆಮರ ಬೆಳೆಯುತ್ತಿತ್ತು! ಶ್ರೀಕಂಠಯ್ಯನವರು ಅಲ್ಲಿನ ಹೂಗಳನ್ನು ಬಿಟ್ಟು ಮಾವು, ಮಲ್ಲಿಗೆಗಳನ್ನು ತಂದರು. ಹಳೆಯ ಆದಿಪ್ರಾಸದ ಕಟ್ಟನ್ನು ಸಡಿಲಿಸಿ ಅಂತ್ಯಪ್ರಾಸದಿಂದ ಹಾಡನ್ನು ಕುಣಿಸಿದರು. ಆದರೆ ಹಕ್ಕಿಗಳ ಕೂಗನ್ನು ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಉಳಿಸಿಕೊಂಡರು. ಅವುಗಳಲ್ಲೊಂದು ನೈಟಿಂಗೇಲಿನ ಕೂಗು. ಕರ್ನಾಟಕದಲ್ಲಿ ಆ ಹಕ್ಕಿಯ ವಾಸವಿಲ್ಲ. ಇನ್ನೊಂದು ಕುಕೂ, ಆಫ್ರಿಕದಲ್ಲಿ ಚಳಿಗಾಲ ಕಳೆದು ಏಪ್ರಿಲ್ ಹೊತ್ತಿಗೆ ಇಂಗ್ಲೆಂಡಿಗೆ ಮರಳುತ್ತದೆ. ನಮ್ಮ ಕೋಗಿಲೆ ಅದರ ಬಂಧು. ಕುಕೂ ತನಗಿಂತ ಚಿಕ್ಕ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಟ್ಟರೆ, ಕೋಗಿಲೆ ಕಾಗೆಯ ಗೂಡನ್ನು ಹುಡುಕುತ್ತದೆ.

ಬೇರೆ ನೆಲಕ್ಕೆ ಬಂದದ್ದು ಬೇರೂರಬೇಕಾದರೆ ಕೆಲವನ್ನು ಬದಲಿಸಬೇಕು, ಕೆಲವನ್ನು ಬಿಡದೆ ಉಳಿಸಿಕೊಳ್ಳಬೇಕು. ಊರು ಬಿಟ್ಟು ನೆರೂಳಿಗೆ ಬಂದ ನಾವು ಉಡುಗೆ, ಊಟ, ಪೇಟೆಯ ಭಾಷೆ ಎಲ್ಲವನ್ನೂ ಇಲ್ಲಿಗೆ ಹೊಂದಿಸಿಕೊಂಡಿದ್ದೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮನೆಯೊಳಗಿನ ದನಿ? ಅದು ಕನ್ನಡವಾಗಿ ಉಳಿಯದಿದ್ದರೆ, ಕಡಲು ದಾಟಿ ಬಂದ ಈ ವಸಂತ ನಮ್ಮ ಮಕ್ಕಳ ಪಾಲಿಗೆ ಮತ್ತೆ ಪರದೇಶದ್ದೇ ಆದೀತು.