ಪ್ಲಾಸ್ಟಿಕ್ ಮಿಶ್ರಣಗಳ ವಿಶ್ಲೇಷಣೆ: ಇತಿಹಾಸ

ಒಂದಕ್ಕಿಂತ ಹೆಚ್ಚು ಪಾಲಿಮರ್ ಬೆರೆತ ಪ್ಲಾಸ್ಟಿಕ್ಕಿನಲ್ಲಿ ಏನೇನು, ಎಷ್ಟೆಷ್ಟು ಇದೆ ಎಂದು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವ ವಿಧಾನಗಳ ಸಮೂಹ.

ಹಳೆಯ ಪರೀಕ್ಷೆಗಳು ಸರಳ. ಸುಟ್ಟರೆ ಪಾಲಿಎಥಿಲೀನ್ ಆರಿದ ಮೇಣದಬತ್ತಿಯಂತೆ ನಾರುತ್ತದೆ. ಕಾದ ತಾಮ್ರದ ತಂತಿಗೆ ಪಿವಿಸಿ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿದರೆ ಜ್ವಾಲೆ ಹಸಿರಾಗುತ್ತದೆ. ನೀರಿಗೆ ಹಾಕಿದರೆ ಪಿವಿಸಿ ಮುಳುಗುತ್ತದೆ, ಪಾಲಿಎಥಿಲೀನ್ ತೇಲುತ್ತದೆ. ಆದರೆ ಪಾಲಿಪ್ರೊಪಿಲೀನ್ ಕೂಡ ತೇಲುವುದರಿಂದ, ಇವೆರಡೂ ಬೆರೆತಾಗ ಈ ಉಪಾಯ ನಡೆಯದು.

ಪಾಲಿಮರ್ ಎಂದರೆ ಉದ್ದನೆಯ ಸರಪಳಿ ಅಣು ಎಂದು ಹರ್ಮನ್ ಸ್ಟೌಡಿಂಗರ್ 1920ರಲ್ಲಿ ವಾದಿಸಿದರು. 1940ರ ದಶಕದಲ್ಲಿ, ಯುದ್ಧಕಾಲದ ಕೃತಕ ರಬ್ಬರಿನ ತುರ್ತಿನಿಂದ, ವಸ್ತು ಯಾವ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹೀರುತ್ತದೆಂದು ನೋಡಿ ಅದನ್ನು ಗುರುತಿಸುವ ಅವಕೆಂಪು ರೋಹಿತ ವಿಶ್ಲೇಷಣೆ ಬಳಕೆಗೆ ಬಂತು. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದು, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೂ ಬೆಳೆಸಿದ ರಾಮನ್ ಪರಿಣಾಮವೂ (ವಸ್ತುವಿನಿಂದ ಚದುರುವ ಬೆಳಕಿನ ಬಣ್ಣ ತುಸು ಬದಲಾಗುವುದು) ಅಣುಗಳನ್ನು ಗುರುತಿಸಬಲ್ಲದಾದರೂ ಆಗ ಹಿಂದೆ ಬಿತ್ತು: ಚದುರಿ ಬರುವ ಬೆಳಕು ತೀರಾ ಕ್ಷೀಣ. 1960ರಲ್ಲಿ ಲೇಸರ್ ಬಂದ ಬಳಿಕವೇ ಅದಕ್ಕೆ ಮರುಜೀವ.

ಮಿಶ್ರಣಗಳ ಮಟ್ಟಿಗೆ ನಿಜವಾದ ತಿರುವು 1960ರ ದಶಕದ ಡಿಎಸ್‌ಸಿ (ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್) ಉಪಕರಣ. ಇದು ಮಾದರಿಯನ್ನು ನಿಧಾನವಾಗಿ ಕಾಯಿಸುತ್ತ, ಅದು ಹೀರುವ ಶಾಖವನ್ನು ಅಳೆಯುತ್ತದೆ. ಪಾಲಿಎಥಿಲೀನ್ ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಪ್ರೊಪಿಲೀನ್ 160ರ ಆಸುಪಾಸಿನಲ್ಲಿ ಕರಗುತ್ತವೆ. ಬಹುತೇಕ ಪಾಲಿಮರ್‌ಗಳು ಒಂದರೊಳಗೊಂದು ಬೆರೆಯದೆ ಬೇರೆಯಾಗಿಯೇ ಉಳಿಯುವುದರಿಂದ, ಆಲೇಖದಲ್ಲಿ ಎರಡು ಉಬ್ಬು ಕಾಣುತ್ತವೆ. ಉಬ್ಬಿನ ವಿಸ್ತೀರ್ಣದಿಂದ ಪ್ರಮಾಣ ಹೇಳಬೇಕಾದರೆ, ಪ್ರಮಾಣ ಗೊತ್ತಿರುವ ಮಿಶ್ರಣಗಳನ್ನು ಮೊದಲು ತಾವೇ ತಯಾರಿಸಿ ಹೋಲಿಸಬೇಕು; ಶ್ರಮವೆಲ್ಲ ಇರುವುದು ಅಲ್ಲಿ.

ಪಾಲಿಮರ್ ಅಲ್ಲದ ಬೆರಕೆಯನ್ನೂ ಅಳೆಯಬೇಕಾಗುತ್ತದೆ. ತುಮಕೂರು ತಾಲ್ಲೂಕಿನ ಹೆಬ್ಬೂರು, ನೆರೆಯ ಗುಬ್ಬಿ, ಕುಣಿಗಲ್ ಕಡೆಯ ತೆಂಗು, ಅಡಿಕೆ ತೋಟಗಳಿಗೆ ನೀರು ಒಯ್ಯುವ ಕಪ್ಪು ಪೈಪು ಪಾಲಿಎಥಿಲೀನಿನದು. ಬಿಸಿಲಿಗೆ ಕೆಡದಂತೆ ಅದಕ್ಕೆ ಇಂಗಾಲದ ಮಸಿ ಬೆರೆಸಿರುತ್ತಾರೆ. ನೀರು ಪೂರೈಕೆ ಪೈಪುಗಳ ಭಾರತೀಯ ಮಾನಕ ಐಎಸ್ 4984ರ ಪ್ರಕಾರ ಈ ಮಸಿ ತೂಕದ ಶೇ 2ರಿಂದ 3ರಷ್ಟಿರಬೇಕು. ಅದನ್ನು ಅಳೆಯಲು ಚೂರೊಂದನ್ನು ನೈಟ್ರೋಜನ್ ಅನಿಲದಲ್ಲಿ ಕಾಯಿಸುತ್ತಾರೆ. ಪಾಲಿಮರ್ ಆವಿಯಾಗಿ ಮಸಿ ಉಳಿಯುತ್ತದೆ. ಬಳಿಕ ಗಾಳಿ ಬಿಟ್ಟರೆ ಮಸಿಯೂ ಉರಿದುಹೋಗುತ್ತದೆ. ಆಮೇಲೂ ಬೂದಿ ಹೆಚ್ಚಾಗಿ ಉಳಿದರೆ ಸುಣ್ಣಕಲ್ಲಿನ ಪುಡಿಯಂಥ ಅಗ್ಗದ ಖನಿಜ ಸೇರಿದೆಯೆಂದು ಅನುಮಾನಿಸಬಹುದು.

ರಾಜ್ಯದಲ್ಲಿ ಇಂಥ ಪರೀಕ್ಷೆ, ತರಬೇತಿಗಳಿಗೆ ಹೆಸರಾದದ್ದು ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯಾದ ಸಿಪೆಟ್‌ನ ಮೈಸೂರು ಕೇಂದ್ರ. ಇದರ ಮಾತೃಸಂಸ್ಥೆ 1968ರಲ್ಲಿ ಚೆನ್ನೈನಲ್ಲಿ ಆರಂಭವಾಯಿತು. ಕಸ ವಿಂಗಡಿಸುವ ಅವಕೆಂಪು ಯಂತ್ರಗಳಿಗೆ ಮಾತ್ರ ಕಪ್ಪು ಪೈಪು ಇಂದಿಗೂ ತೊಡಕು: ಮಸಿ ಆ ಬೆಳಕನ್ನೆಲ್ಲ ನುಂಗಿಬಿಡುತ್ತದೆ.