ದವಡೆಯ ಮೂಳೆ ಹೇಳುವ ಚರಿತ್ರೆ

ರಾಜಮಹಾರಾಜರಿಗೆ ಇರುವಂತೆ ರೋಗಗಳಿಗೂ ಒಂದು ಚರಿತ್ರೆಯುಂಟು. ಹಿಂದೆ ಕಾರ್ಖಾನೆಯ ಬಡ ಕೂಲಿಗಳನ್ನು ಕಾಡಿದ ವ್ಯಾಧಿಯನ್ನೇ ಹೋಲುವ ಇನ್ನೊಂದು, ನಮ್ಮ ಕಾಲದಲ್ಲಿ ಔಷಧದ ಬೆನ್ನಿಗೇ ಕಾಣಿಸಿಕೊಂಡ ವೃತ್ತಾಂತವನ್ನು ಇಂದು ಓದುಗ ಮಿತ್ರರ ಮುಂದಿಡುತ್ತೇನೆ.

ಬಿಳಿ ರಂಜಕ ವಿಷ, ಕೆಂಪು ರಂಜಕ ಅಷ್ಟು ಅಪಾಯಕಾರಿಯಲ್ಲ ಎಂದು ನಾವು ಶಾಲೆಯಲ್ಲಿ ಬರೆಸುತ್ತಿದ್ದೆವು. ಆ ಒಂದು ಸಾಲಿನ ಹಿಂದೆ ಅಪಾರ ನೋವಿದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಬೆಂಕಿಕಡ್ಡಿಯ ಮದ್ದಿಗೆ ಬಿಳಿ ರಂಜಕವನ್ನು ಬೆರೆಸುತ್ತಿದ್ದರು. ಅದರ ಹಬೆಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೊದಲು ಹಲ್ಲುನೋವು, ಬಳಿಕ ವಸಡಿನಲ್ಲಿ ಕೀವು, ಕಡೆಗೆ ದವಡೆಯ ಮೂಳೆಯೇ ಸತ್ತು ಕಳಚಿಬೀಳುವ ದುರ್ಗತಿ. 1845ರಲ್ಲಿ ವಿಯೆನ್ನಾದ ವೈದ್ಯ ಲೊರಿನ್ಸರ್ ಇದನ್ನು ವಿವರಿಸಿ ಬರೆದರು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1,400 ಮಂದಿ, ಬಹುಪಾಲು ಹೆಣ್ಣುಮಕ್ಕಳು, ಮುಷ್ಕರ ಹೂಡಿದರು. ಊಟಕ್ಕೆ ರಂಜಕ ತಗಲದಂತೆ ಪ್ರತ್ಯೇಕ ಕೋಣೆ ಬೇಕೆಂಬುದು ಅವರ ಕೇಳಿಕೆಗಳಲ್ಲೊಂದು. ಅವರ ಬವಣೆಯನ್ನು ಪತ್ರಿಕೆಯಲ್ಲಿ ಬಯಲಿಗೆಳೆದವರು, ಮುಂದೆ 1917ರಲ್ಲಿ ನಮ್ಮ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಆನಿ ಬೆಸೆಂಟರು. 1906ರ ಬರ್ನ್ ಒಪ್ಪಂದವು ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿತು. ಭಾರತದಲ್ಲಿ 1913ರಲ್ಲಿ ಕಾಯಿದೆ ಬಂದಿತು. ರೋಗ ಕ್ರಮೇಣ ಮರೆಯಾಯಿತು.

1969ರಲ್ಲಿ ಹರ್ಬರ್ಟ್ ಫ್ಲೈಷ್ ಮತ್ತು ಸಂಗಡಿಗರು, ಬಿಸ್‌ಫಾಸ್ಫೊನೇಟ್ ಎಂಬ ರಂಜಕದ ಸಂಯುಕ್ತಗಳು ಮೂಳೆ ಕರಗುವುದನ್ನು ತಡೆಯುತ್ತವೆಂದು ಪ್ರಕಟಿಸಿದರು. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇದು ವರವೇ ಆಯಿತು. ನೋವು ತಗ್ಗಿತು, ಮೂಳೆ ಮುರಿತ ಕಡಿಮೆಯಾಯಿತು. ಆದರೆ 2003ರಲ್ಲಿ ಅಮೆರಿಕದ ಮಯಾಮಿಯ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್, ಪಾಮಿಡ್ರೊನೇಟ್ ಅಥವಾ ಜೊಲೆಡ್ರೊನೇಟ್ ಪಡೆದ 36 ರೋಗಿಗಳಲ್ಲಿ ದವಡೆಯ ಮೂಳೆ ವಸಡಿನಿಂದ ಹೊರಚಾಚಿ ಮಾಯದೆ ಉಳಿದದ್ದನ್ನು ವರದಿಮಾಡಿದರು. ಮರುವರ್ಷವೇ ರುಗ್ಗೀರೊ ಮತ್ತಿತರರು 63 ಪ್ರಕರಣಗಳನ್ನು ದಾಖಲಿಸಿದರು.

ಹಾಗಾದರೆ ರಂಜಕವೇ ಅಪರಾಧಿಯೇ? ಅಲ್ಲ. ಬೇರೆಯೇ ಬಗೆಯ ಡೆನೊಸುಮಾಬ್ ಮದ್ದಿನಿಂದಲೂ ಇದೇ ತೊಂದರೆ ಬಂದಿತು. ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುವ ಕೆಲಸ ನಮ್ಮ ದೇಹದಲ್ಲಿ ಸದಾ ನಡೆಯುತ್ತಿರುತ್ತದೆ. ಈ ಮದ್ದುಗಳು ಆ ಕೆಲಸವನ್ನೇ ತಗ್ಗಿಸುತ್ತವೆ. ದವಡೆಗಾದರೋ ತೆಳು ವಸಡಷ್ಟೇ ಹೊದಿಕೆ. ಬಾಯಿಯ ಸೂಕ್ಷ್ಮಜೀವಿಗಳು ಹಲ್ಲಿನ ಬೇರಿನ ಹಾದಿಯಲ್ಲೇ ಒಳನುಗ್ಗಬಲ್ಲವು. ಹಲ್ಲು ಕಿತ್ತ ಗಾಯ ಮಾಯದಿರುವುದು ಇದರಿಂದಲೇ.

ಹುಳುಕು ಹಲ್ಲಿನವರಿಗೆ ಅಪಾಯ ಹೆಚ್ಚೆಂಬುದು ಬೆಂಕಿಕಡ್ಡಿಯ ಕಾಲದಲ್ಲೇ ತಿಳಿದಿತ್ತು. ಇಂದಿನ ವೈದ್ಯರ ಸಲಹೆಯೂ ಅದೇ ಅನುಭವದ ಮುಂದುವರಿಕೆ: ಮೂಳೆಯ ಮದ್ದು ಆರಂಭಿಸುವ ಮುನ್ನ ದಂತವೈದ್ಯರನ್ನು ಕಂಡು, ಕೀಳಬೇಕಾದ ಹಲ್ಲನ್ನು ಕೀಳಿಸಿ, ಗಾಯ ಮಾಗಿದ ಮೇಲೆ ಚಿಕಿತ್ಸೆಗೆ ತೊಡಗುವುದು, ಚಿಕಿತ್ಸೆ ನಡೆದಿರುವಾಗ ಈ ಮದ್ದಿನ ವಿಷಯವನ್ನು ದಂತವೈದ್ಯರಿಗೆ ತಪ್ಪದೆ ತಿಳಿಸುವುದು. ತೊಂದರೆ ಬರುವುದು ಕೆಲವರಿಗಷ್ಟೇ. ಹೆದರಿ ಮದ್ದನ್ನು ತಾವಾಗಿ ನಿಲ್ಲಿಸಬಾರದು.

ಲಂಡನ್ನಿನ ಆ ಹೆಣ್ಣುಮಕ್ಕಳಿಗೆ ಇಂಥ ಮುನ್ನೆಚ್ಚರಿಕೆಯ ಭಾಗ್ಯವಿರಲಿಲ್ಲ. ನಮಗಿದೆ; ಬಳಸಿಕೊಳ್ಳೋಣ.