ಒಬ್ಬರೇ ಕೂತು ಆಡುವ ಆಟ: ಹುಣಸೆಬೀಜದಿಂದ ಮೊಬೈಲ್‌ವರೆಗೆ

ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟ ಹತ್ತಿದವರಿಗೆ ಗೊತ್ತು, ಮೇಲೆ ಸೀತಮ್ಮನ ಗುಡಿ ಇದೆ. ವಾಲ್ಮೀಕಿ ಆಶ್ರಮ ಇದ್ದದ್ದು ಇಲ್ಲೇ, ಲವಕುಶರು ಹುಟ್ಟಿದ್ದು ಇಲ್ಲೇ ಅನ್ನೋದು ನಮ್ಮ ಕಡೆಯವರ ನಂಬಿಕೆ. ಜಿಲ್ಲೆಯ ಗಡಿ ದಾಟಿ ತಮಿಳುನಾಡಿಗೆ ಹೋದರೆ ಅಲ್ಲಿ ಸೀತೆಯ ಹೆಸರಲ್ಲಿ ಒಂದು ಆಟವೇ ಇದೆ, ಸೀತೆಪಾಂಡಿ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಹೊತ್ತು ಕಳೆಯಲು ಆಡಿದಳಂತೆ. ಆಡುವ ಹಲಗೆ ನಮಗೆ ಹೊಸದಲ್ಲ. ನಾವು ಅಳಗುಳಿ ಮಣೆ ಅಂತೀವಿ, ತೆಲುಗು ಮಾತಾಡುವ ಮನೆಗಳಲ್ಲಿ ವಾಮನಗುಂಟಲು, ತಮಿಳರಿಗೆ ಪಲ್ಲಾಂಗುಳಿ. ಒಂದೇ ಮಣೆ, ಮೂರು ಹೆಸರು. ಕೋಲಾರದ ಭಾಷೆಯೂ ಹಾಗೇ ತಾನೇ.

ಸಾಮಾನ್ಯವಾಗಿ ಈ ಮಣೆಯ ಎದುರುಬದುರು ಇಬ್ಬರು ಕೂರುತ್ತಾರೆ. ಒಬ್ಬರೇ ಆಡೋದು ಹೇಗೆ? ಇದನ್ನು ಓದುತ್ತಲೇ ಮಾಡಿ ನೋಡಬಹುದು. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಏಳು ಮನೆ ಬರೆಯಿರಿ. 28 ಹುಣಸೆಬೀಜ ಬೇಕು. ಎಡಗಡೆಯಿಂದ ಮೊದಲ ಮನೆಗೆ 7, ಆಮೇಲೆ 6, 5, 4, 3, 2, 1 ಹೀಗೆ ಇಡಿ. ಈಗ ಏಳು ಬೀಜ ಇರುವ ಮನೆ ಖಾಲಿ ಮಾಡಿ, ಮುಂದಿನ ಮನೆಯಿಂದ ಶುರುಮಾಡಿ ಒಂದೊಂದು ಮನೆಗೆ ಒಂದೊಂದು ಹಾಕುತ್ತಾ ಹೋಗಿ. ಕೊನೆಯ ಮನೆ ಆದಮೇಲೆ ಮತ್ತೆ ಮೊದಲ ಮನೆಗೆ ಬನ್ನಿ. ಕೈಯಲ್ಲಿನ ಬೀಜ ಮುಗಿದಾಗ ನೋಡಿ: 1, 7, 6, 5, 4, 3, 2. ಸಾಲು ಹಾಗೇ ಇದೆ, ಒಂದು ಮನೆ ಪಕ್ಕಕ್ಕೆ ಸರಿದಿದೆ ಅಷ್ಟೆ. ಮತ್ತೆ ಏಳು ಇರುವ ಮನೆ ಎತ್ತಿ ಹಂಚಿ, ಮತ್ತೆ ಸರಿಯುತ್ತದೆ. ಏಳು ಸಲ ಆದಾಗ ಎಲ್ಲಿಂದ ಹೊರಟಿರೋ ಅಲ್ಲಿಗೇ ಬಂದಿರುತ್ತೀರಿ.

ಇದರಲ್ಲಿ ಗೆಲುವಿಲ್ಲ, ಸೋಲೂ ಇಲ್ಲ. ಹಾಗಾದರೆ ಯಾಕೆ ಆಡಬೇಕು? ಕೈಗೊಂದು ಕೆಲಸ, ಕಣ್ಣಿಗೊಂದು ಕ್ರಮ, ಮನಸ್ಸಿಗೆ ಸ್ವಲ್ಪ ಬಿಡುವು. ಕಾಯುತ್ತಾ ಕೂತ ಹೆಂಗಸಿನ ಹೆಸರು ಈ ಆಟಕ್ಕೆ ಬಂದದ್ದು ಸುಮ್ಮನೆ ಅಲ್ಲ ಅನಿಸುತ್ತದೆ. ಈಗ ಇಂಟರ್‌ನೆಟ್‌ನಲ್ಲಿ ‘ಮನಸ್ಸು ಹಗುರ ಮಾಡುವ ಸರಳ ಪಜಲ್ ಗೇಮ್ ಯಾವುದು’ ಅಂತ ಹುಡುಕುವವರು ಬಹಳ. ಪ್ಲೇಸ್ಟೋರ್ ತೆರೆದರೆ ಸಾವಿರ ಬರುತ್ತವೆ. ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ನಾನು ಯಾಕೆ ಆಡುತ್ತಿದ್ದೇನೆ ಅಂತ ಕೇಳಿಕೊಂಡರೆ ಹುಡುಕಾಟ ಅರ್ಧ ಮುಗಿಯುತ್ತದೆ. ನಮ್ಮ ಹಳೆ ಆಟಗಳಲ್ಲಿ ಈ ವಿಂಗಡಣೆ ಮೊದಲೇ ಇತ್ತು.

ಚೌಕಾಬಾರ ನೋಡಿ. ಕವಡೆ ಹೇಗೆ ಬೀಳುತ್ತೋ ಹಾಗೆ ಕಾಯಿ ನಡೆಯುತ್ತದೆ. ಬುದ್ಧಿಗಿಂತ ಅದೃಷ್ಟ ಜಾಸ್ತಿ, ಅದೃಷ್ಟಕ್ಕಿಂತ ಗಲಾಟೆ ಜಾಸ್ತಿ. ನಾಲ್ಕು ಜನ ಸೇರಿ ನಗಬೇಕು ಅಂದರೆ ಅದು. ಆಡು-ಹುಲಿ ಹಾಗಲ್ಲ. ಮೂರು ಹುಲಿ, ಹದಿನೈದು ಆಡು, ಕವಡೆ ಇಲ್ಲ. ಎದುರಿನವನ ಲೆಕ್ಕಾಚಾರ ಮುರಿಯಬೇಕೆನ್ನುವವರಿಗೆ ಅದೇ ಸರಿ. ಪಣ ಇಡುವ ಆಸೆ ಇದ್ದವರಿಗೆ ಇಸ್ಪೀಟು. ನಮ್ಮ ಕಡೆ ಯುಗಾದಿ ಬಂತೆಂದರೆ ಹೊಲದ ಬದುವಿನಲ್ಲಿ, ಮರದ ಕೆಳಗೆ ಎಲೆ ಹಾಕುವವರನ್ನು ಯಾರು ನೋಡಿಲ್ಲ? ಒಬ್ಬರೇ ಕೂತು ಆಡುವ ಆಟ ಇವೆಲ್ಲದರಿಂದ ಬೇರೆ, ಅದರ ಹಸಿವೇ ಬೇರೆ.

1996ರಲ್ಲಿ ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಎಂಬುವರು ಕಂಪ್ಯೂಟರ್ ಆಟ ಆಡುವವರನ್ನು ನಾಲ್ಕು ಗುಂಪು ಮಾಡಿ ಬರೆದರು: ಅಂಕ ಕೂಡಿಹಾಕುವವರು, ಮೂಲೆಮೂಲೆ ಹುಡುಕುವವರು, ಜನರ ಜೊತೆ ಮಾತಿಗೆ ಬರುವವರು, ಬೇರೆಯವರನ್ನು ಹೊಡೆದುರುಳಿಸುವವರು. ಆಟ ತಯಾರಿಸುವವರು ಇವತ್ತಿಗೂ ಈ ಪಟ್ಟಿ ನೆನೆಯುತ್ತಾರೆ. ಅವರು ನೋಡಿದ್ದು ಹತ್ತಾರು ಜನ ಒಟ್ಟಿಗೆ ಆಡುವ ಆಟಗಳನ್ನು. ಹಾಗಾಗಿ ಸುಮ್ಮನೆ ಕೂತು ಉಸಿರು ತೆಗೆದುಕೊಳ್ಳಬೇಕು ಅನ್ನುವವರಿಗೆ ಅದರಲ್ಲಿ ಜಾಗ ಸಿಗಲಿಲ್ಲ.

ಆ ಜಾಗ ಹುಡುಕಿದ ಒಬ್ಬ ದೊರೆ ನಮ್ಮಲ್ಲೇ ಇದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಮಗುವಾಗಿ ಮೈಸೂರಿನ ಗದ್ದುಗೆ ಏರಿದರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಕಂದಾಯ, ಕಾನೂನು ಎಲ್ಲ ಬ್ರಿಟಿಷ್ ಕಮಿಷನರ್‌ಗಳ ಕೈಗೆ ಹೋಯಿತು. 1868ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಮೂವತ್ತೇಳು ವರ್ಷ, ದೊರೆಗೆ ಅರಮನೆ ಇತ್ತು, ಅಧಿಕಾರ ಇರಲಿಲ್ಲ. ಅವರು ಪುಸ್ತಕಗಳಿಗೆ, ಚಿತ್ರಗಳಿಗೆ, ಆಟಗಳಿಗೆ ಕೈಹಾಕಿದರು. ‘ಶ್ರೀತತ್ತ್ವನಿಧಿ’ ಎಂಬ ದೊಡ್ಡ ಗ್ರಂಥದ ಕೊನೆಯ ಭಾಗ ‘ಕೌತುಕನಿಧಿ’ಯಲ್ಲಿ ಆಟಗಳೇ ತುಂಬಿವೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳನ್ನು ಬರೆಸಿದ್ದಾರೆ. ಮುಂದಿನ ಸಲ ಹೋದಾಗ ವರ್ಣಚಿತ್ರ ನೋಡುತ್ತಾ ಗೋಡೆ ಮರೆಯಬೇಡಿ.

ಅವರಿಗೆ ಬಹಳ ಇಷ್ಟವಾಗಿದ್ದು ಚದುರಂಗದ ಕುದುರೆಯ ಒಗಟು. 64 ಮನೆಯ ಹಾಸಿನಲ್ಲಿ ಕುದುರೆ ಒಂದೇ ಇರುತ್ತದೆ, ಎದುರಾಳಿ ಇಲ್ಲ. ಕುದುರೆ ನಡೆಯಲ್ಲೇ ಹಾರುತ್ತಾ ಪ್ರತಿ ಮನೆಗೂ ಒಂದೇ ಒಂದು ಸಲ ಕಾಲಿಡಬೇಕು. ಕಾಲಿಟ್ಟ ಮನೆಗೆ 1, 2, 3 ಅಂತ ಸಂಖ್ಯೆ ಕೊಡುತ್ತಾ ಹೋದರೆ ಕೊನೆಗೆ 64. ದೊರೆ ಇಂಥ ದಾರಿಗಳನ್ನು ಹಲವು ಕಂಡುಹಿಡಿದರು. ಅವುಗಳಲ್ಲಿ ಒಂದರಲ್ಲಿ ಯಾವ ಅಡ್ಡಸಾಲು ಕೂಡಿದರೂ 260, ಯಾವ ಉದ್ದಸಾಲು ಕೂಡಿದರೂ 260. ಮೂಲೆಯಿಂದ ಮೂಲೆಗೂ 260 ಬರುವ ದಾರಿ ಇದೆಯೇ ಎಂದು ಲೋಕದ ಗಣಿತದವರು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. 2003ರಲ್ಲಿ ಕಂಪ್ಯೂಟರನ್ನು ಎರಡು ತಿಂಗಳು ಓಡಿಸಿದ ಮೇಲೆ ಉತ್ತರ ಸಿಕ್ಕಿತು: ಇಲ್ಲ, ಸಾಧ್ಯವೇ ಇಲ್ಲ.

ಈ ಒಗಟು ದೊರೆಗಿಂತ ಬಹಳ ಹಳೆಯದು. 9ನೇ ಶತಮಾನದ ಕಾಶ್ಮೀರದ ರುದ್ರಟ ಕುದುರೆ ನಡೆಯಲ್ಲಿ ಓದುವ ಪದ್ಯ ಬರೆದಿದ್ದ. 14ನೇ ಶತಮಾನದ ವೇದಾಂತ ದೇಶಿಕರು, ಶ್ರೀರಂಗಕ್ಕೆ ದಾಳಿ ಬಂದಾಗ ನಮ್ಮ ಕೊಳ್ಳೇಗಾಲ ಕಡೆಯ ಸತ್ಯಾಗಾಲದಲ್ಲಿ ಆಶ್ರಯ ಪಡೆದವರು, ‘ಪಾದುಕಾಸಹಸ್ರ’ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಪದ್ಯದ 32 ಅಕ್ಷರಗಳನ್ನು ಅರ್ಧ ಚದುರಂಗದ ಮನೆಗಳಲ್ಲಿಟ್ಟು ಕುದುರೆ ನಡೆಯಲ್ಲಿ ಓದಿದರೆ ಮುಂದಿನ ಪದ್ಯ ಬರುತ್ತದೆ! ಅಧಿಕಾರ ಹೋದ ದೊರೆ, ಊರು ಬಿಟ್ಟ ಗುರು, ಸೆರೆಯಲ್ಲಿದ್ದ ಸೀತೆ. ಇದನ್ನು ಸಿದ್ಧಾಂತ ಮಾಡಲು ನಾನು ಹೊರಟಿಲ್ಲ, ಆದರೆ ಮೂರು ಹೆಸರು ಒಟ್ಟಿಗೆ ಕಂಡಾಗ ಪೆನ್ನು ಒಂದು ಗಳಿಗೆ ನಿಂತಿತು.

ಕಂಪ್ಯೂಟರ್ ಕಾಲಕ್ಕೆ ಬರೋಣ. 1984ರಲ್ಲಿ ಮಾಸ್ಕೋದ ಸರ್ಕಾರಿ ಸಂಸ್ಥೆಯೊಂದರಲ್ಲಿದ್ದ ಅಲೆಕ್ಸಿ ಪಜಿತ್ನೋವ್ ಟೆಟ್ರಿಸ್ ಮಾಡಿದರು. ಮೇಲಿಂದ ಬೀಳುವ ತುಂಡುಗಳನ್ನು ತಿರುಗಿಸಿ ಸಾಲು ತುಂಬಿಸುವ ಆಟ. ಲೋಕವೆಲ್ಲ ಆಡಿದರೂ ಅದರ ಹಣ ಅವರ ಕೈಗೆ ಬರತೊಡಗಿದ್ದು 1996ರಲ್ಲಿ. ಸುಡೊಕು ಕಥೆ ಇನ್ನೂ ಬೇಸರದ್ದು. 1979ರಲ್ಲಿ ಅದನ್ನು ರೂಪಿಸಿದ್ದು ಹೋವರ್ಡ್ ಗಾರ್ನ್ಸ್ ಎಂಬ ಅಮೆರಿಕದ ನಿವೃತ್ತ ಕಟ್ಟಡ ವಿನ್ಯಾಸಕಾರ, 74ರ ವಯಸ್ಸಿನಲ್ಲಿ. ಹೆಸರು ಕೊಟ್ಟದ್ದು ಜಪಾನಿನವರು. 2004ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದು ಜಗತ್ತಿಗೆಲ್ಲ ಹಬ್ಬುವ ಹೊತ್ತಿಗೆ ಗಾರ್ನ್ಸ್ ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಹಳ್ಳಿಗೆ ಬಂದ ಮೊದಲ ಒಂಟಿ ವಿಡಿಯೊ ಗೇಮ್ ಯಾವುದೆಂದು ಕೇಳಿದರೆ ನೀವೇ ಹೇಳುತ್ತೀರಿ: ನೋಕಿಯಾ ಹಾವು. 1997ರಲ್ಲಿ ಫಿನ್ಲೆಂಡಿನ ತನೇಲಿ ಅರ್ಮಾಂಟೊ ಅದನ್ನು ಫೋನಿಗೆ ಹಾಕಿದರು. ನಮಗೆ ಗುರುತಾಗಿದ್ದು 2003ರ ನೋಕಿಯಾ 1100 ಬಂದ ಮೇಲೆ, ಟಾರ್ಚ್ ಇದ್ದದ್ದು. ಕರೆಂಟ್ ಹೋದಾಗ ಪಂಪ್‌ಸೆಟ್ ಹತ್ತಿರ ಕಾಯುತ್ತಾ, ಬಸ್ ಬರೋವರೆಗೆ, ಹಾಲಿನ ಡೇರಿ ಮುಂದೆ, ಎಲ್ಲೆಡೆ ಆ ಹಾವು ಓಡಿತು. ಅದಕ್ಕೆ ನೆಟ್ ಬೇಕಿರಲಿಲ್ಲ, ಜಾಹೀರಾತು ಇರಲಿಲ್ಲ. ಹಾವು ಸತ್ತರೆ ಫೋನ್ ಜೇಬಿಗೆ. ಈಗ ಅದೇ ಚೆನ್ನೈ ರಸ್ತೆಯ ಪಕ್ಕದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ. ನಮ್ಮ ಹೆಣ್ಣುಮಕ್ಕಳೇ ಶಿಫ್ಟ್ ಬಸ್ ಹತ್ತಿ ಹೋಗುತ್ತಾರೆ. ಫೋನ್ ಇಲ್ಲೇ ತಯಾರಾಗುತ್ತದೆ, ಅದರೊಳಗಿನ ಆಟ ಎಲ್ಲಿಂದಲೋ ಬರುತ್ತದೆ.

ಬದಲಾವಣೆ ಆದದ್ದು ಇಲ್ಲೇ. 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ನೋಡಲು ಸರಳ, ಬಣ್ಣಬಣ್ಣದ ಮಿಠಾಯಿ. ಐದು ಸಲ ಸೋತರೆ ‘ಜೀವ’ ಮುಗಿಯುತ್ತದೆ. ಒಂದು ಜೀವ ಮತ್ತೆ ಬರಲು ಅರ್ಧ ಗಂಟೆ. ಕಾಯಿರಿ, ಇಲ್ಲವೇ ದುಡ್ಡು ಕೊಡಿ. ಮಧ್ಯದಲ್ಲಿ ನಿಲ್ಲಿಸಿದ ಕೆಲಸ ತಲೆಯಲ್ಲಿ ಕೊರೆಯುತ್ತದೆ ಅನ್ನೋದು ಯಾರಿಗೆ ಗೊತ್ತಿಲ್ಲ? ಆ ಕೊರೆತವನ್ನೇ ವ್ಯಾಪಾರ ಮಾಡಿದರು. ಇದರ ಮುಂದಿನ ಮೆಟ್ಟಿಲು ರಮ್ಮಿ ಆ್ಯಪ್‌ಗಳು. ಬಿಡುವಿಗಾಗಿ ಕೂತವರನ್ನು ಮೊದಲು ಪುಕ್ಕಟೆ ಆಡಿಸಿ, ಆಮೇಲೆ ಪಣಕ್ಕೆ ಎಳೆದವು. ಯುಗಾದಿ ಇಸ್ಪೀಟು ವರ್ಷಕ್ಕೆ ಎರಡು ದಿನ ಇತ್ತು, ಸೋತವನನ್ನು ಊರೇ ನೋಡುತ್ತಿತ್ತು. ಆ್ಯಪ್‌ನಲ್ಲಿ ಸೋತದ್ದು ಹೆಂಡತಿಗೂ ಗೊತ್ತಾಗುವುದಿಲ್ಲ, ಟೊಮೆಟೊ ಮಾರಿದ ದುಡ್ಡು ಖಾತೆಗೆ ಬಂದ ರಾತ್ರಿಯೇ ಹೋಗಬಹುದು. ನಮ್ಮ ರಾಜ್ಯ 2021ರಲ್ಲಿ ಇದನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಕಾಯ್ದೆಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಕಾಯ್ದೆ ಏನೇ ಹೇಳಲಿ, ಫೋನ್ ನಮ್ಮ ಕೈಯಲ್ಲೇ ಇರುತ್ತದೆ.

ಒಳ್ಳೆಯವೂ ಇವೆ. 2014ರ ಮಾರ್ಚ್‌ನಲ್ಲಿ ಇಟಲಿಯ 19 ವರ್ಷದ ಹುಡುಗ ಗೇಬ್ರಿಯೆಲೆ ಚಿರುಲ್ಲಿ ವಾರಾಂತ್ಯದಲ್ಲಿ ಕೂತು ‘2048’ ಬರೆದು ಪುಕ್ಕಟೆ ಬಿಟ್ಟ. ಎರಡು, ನಾಲ್ಕು, ಎಂಟು ಅಂತ ದುಪ್ಪಟ್ಟು ಮಾಡುತ್ತಾ ಹೋಗೋದು. ಲೆಕ್ಕ ಇಷ್ಟಪಡುವವರಿಗೆ ಇದು. ಅದೇ ಸುಮಾರಿಗೆ ಪೋಲೆಂಡಿನ ಮಾಚೆಯ್ ತಾರ್ಗೋನಿ ‘ಹುಕ್’, ‘ಕ್ಲೋತ್ಸ್ಕಿ’ ಅಂತ ಚಿಕ್ಕ ಆಟಗಳನ್ನು ಮಾಡಿದರು. ಅವುಗಳಲ್ಲಿ ಗಡಿಯಾರ ಇಲ್ಲ, ಅಂಕ ಇಲ್ಲ, ಓದಬೇಕಾದ ಮಾತೇ ಇಲ್ಲ. ಇಂಗ್ಲಿಷ್ ಬಾರದ ಅಜ್ಜಿಯೂ ಗೆರೆ ನೋಡಿ ಬಿಡಿಸಬಹುದು. ಒಗಟುಗಳು ಇಂತಿಷ್ಟೇ, ಮುಗಿದರೆ ಮುಗಿಯಿತು. ಸಣ್ಣ ಬೆಲೆ ಕೊಟ್ಟು ಕೊಳ್ಳಬೇಕಾಗಬಹುದು. ಒಂದು ಸಲ ಕೊಡುವ ಬೆಲೆ, ಪುಕ್ಕಟೆ ಅಂತ ಹೇಳಿ ದಿನಾ ಕೀಳುವುದಕ್ಕಿಂತ ಅಗ್ಗ ಅಂತ ನನ್ನ ಲೆಕ್ಕ.

ತಲೆಯಲ್ಲಿ ಕೆಟ್ಟ ಚಿತ್ರ ಸುತ್ತುತ್ತಿದ್ದರೆ ಟೆಟ್ರಿಸ್ ಥರದ್ದು ಒಂದಿಷ್ಟು ಸಹಾಯ ಮಾಡಬಹುದು. 2009ರಲ್ಲಿ ಆಕ್ಸ್‌ಫರ್ಡ್‌ನ ಎಮಿಲಿ ಹೋಮ್ಸ್ ತಂಡ ಜನರಿಗೆ ನೋಡಲಾಗದಂಥ ದೃಶ್ಯ ತೋರಿಸಿ, ಅರ್ಧ ಗಂಟೆ ಬಿಟ್ಟು ಕೆಲವರಿಗೆ ಟೆಟ್ರಿಸ್ ಆಡಿಸಿತು. ಆಡಿದವರಿಗೆ ಮುಂದಿನ ವಾರದಲ್ಲಿ ಆ ದೃಶ್ಯ ಕಣ್ಮುಂದೆ ಬಂದದ್ದು ಕಡಿಮೆ. ಔಷಧಿ ಅಂತ ತಿಳಿಯಬೇಡಿ. ನಿದ್ದೆ ಕೆಡುವಷ್ಟು ಸಂಕಟ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.

ಹೊಸ ಆಟ ಹಾಕಿಕೊಂಡಾಗ ನಾವು ಮಾಡುವ ಪರೀಕ್ಷೆ ಸುಲಭದ್ದು. ಡೇಟಾ ಆಫ್ ಮಾಡಿ ತೆರೆಯಿರಿ. ಆಡುತ್ತದೆಯೇ? ಒಂದು ಒಗಟು ಬಿಡಿಸಿ ನಿಲ್ಲಿಸಿ. ಆಮೇಲೆ ಡೇಟಾ ಆನ್ ಮಾಡಿ ಒಂದು ದಿನ ಹಾಗೇ ಬಿಡಿ. ‘ಬನ್ನಿ, ನಿಮ್ಮ ಬಹುಮಾನ ಕಾಯುತ್ತಿದೆ’ ಅಂತ ನೋಟಿಫಿಕೇಶನ್ ಮೇಲೆ ನೋಟಿಫಿಕೇಶನ್ ಬಂದರೆ, ಬ್ಯಾಂಕಿನ ವಿವರ ಕೇಳಿದರೆ, ತೆಗೆದುಹಾಕಿ. ಮಕ್ಕಳ ಫೋನಿನಲ್ಲೂ ಇದನ್ನು ಮಾಡಿ, ಅವರ ಎದುರಿಗೇ.